ಸಹಾಯ ಬೇಕು: ತೋಟದ ಏರಿಗೆ ಹಳೇ ಎಕ್ಸ್‌ಎಲ್ ಸೂಪರ್

ನಮಸ್ಕಾರ ಎಲ್ಲರಿಗೂ. ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದೊಳಗೆ ನಿಧಾನಕ್ಕೆ ಓಡಾಡೋಕೆ ಅಪ್ಪನ ಹಳೇ ಟಿವಿಎಸ್ ಎಕ್ಸ್‌ಎಲ್ ಸೂಪರ್ ಮೊಪೆಡ್ ರಿಪೇರಿ ಮಾಡುತ್ತಿದ್ದೇನೆ. ಕಾರ್ಬುರೇಟರ್ ತೊಳೆದು ಪ್ಲಗ್ ಬದಲಿಸಿದ ಮೇಲೆ ಸ್ಟಾರ್ಟ್ ಆಗುತ್ತಿದೆ. ತೊಂದರೆ ಇರುವುದು ಏರಿನಲ್ಲಿ. ಗೇರ್ ಇಲ್ಲದ ಗಾಡಿ ಅಲ್ವಾ, ನಿಧಾನವಾಗಿ ಹತ್ತುವಾಗ ಆಟೊ ಕ್ಲಚ್ (ಎಂಜಿನ್ ವೇಗ ಏರಿದಾಗ ತಾನೇ ಹಿಡಿಯುವ ಕ್ಲಚ್) ಪೂರ್ತಿ ಹಿಡಿಯುವುದಿಲ್ಲ. ಎಂಜಿನ್ ಸುಮ್ನೆ ಕೂಗುತ್ತದೆ, ಕ್ಲಚ್ ಜಾರಿ ಜಾರಿ ಬಿಸಿಯಾಗುತ್ತದೆ. ಹೊಸ ಕ್ಲಚ್ ಶೂ ಹಾಕಿಸುತ್ತೇನೆ, ಅಷ್ಟೇ ಸಾಲದು ಅನ್ನಿಸುತ್ತಿದೆ.

ಹಿಂದಿನ ಚಕ್ರಕ್ಕೆ ಜಾಸ್ತಿ ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಾಕಿದರೆ ಟಾಪ್ ಸ್ಪೀಡ್ ಕಡಿಮೆಯಾಗುತ್ತದೆ. ಆಗಲಿ, ನನಗೆ ಬೇಕಿರುವುದು ಎಳೆತ. ಅದೇ ಅಳತೆಯ ಚೈನ್‌ಗೆ ಹೊಂದುವ ದೊಡ್ಡ ಸ್ಪ್ರಾಕೆಟ್ ಯಾವ ಗಾಡಿಯದು? ಲೇತ್‌ನಲ್ಲಿ ಮಾಡಿಸಿದವರು ಇದ್ದೀರಾ? 16 ಇಂಚಿನ ಚಕ್ರಕ್ಕೆ ಮಳೆಗಾಲದ ಕೆಸರಲ್ಲಿ ಹಿಡಿತ ಕೊಡುವ ಟೈರ್ ಇದ್ದರೂ ದಯವಿಟ್ಟು ತಿಳಿಸಿ. ಅಪ್ಪನ ಗಾಡಿ, ಗುಜರಿಗೆ ಹಾಕಲು ಮನಸ್ಸಿಲ್ಲ.