‘ಅಕಿರಾ’: ಆರೂ ಸಂಪುಟ ಒಟ್ಟಿಗೆ ಕೊಳ್ಳಲೇ, ಬಿಡಿಯಾಗಿ ಕೊಳ್ಳಲೇ?

ಮೈಸೂರು ಓದುಗ: ಕತ್ಸುಹಿರೊ ಓಟೊಮೊ ಅವರ ‘ಅಕಿರಾ’ ಮಾಂಗಾವನ್ನು (ಜಪಾನಿ ಚಿತ್ರಕತೆ) ಇಂಗ್ಲಿಷಿನಲ್ಲಿ ಕೊಳ್ಳಬೇಕೆಂದಿದ್ದೇನೆ. ಓದುವವಳು ಒಂಬತ್ತನೆಯ ತರಗತಿಯ ನನ್ನ ಮಗಳು. ಬಿಡಿ ಪೇಪರ್‌ಬ್ಯಾಕ್‌ಗಳು ಒಳ್ಳೆಯದೋ, 2017ರ ಗಟ್ಟಿ ರಟ್ಟಿನ ಬಾಕ್ಸ್ ಸೆಟ್ಟೋ? ಕೊಂಡವರು ದಯವಿಟ್ಟು ಅನುಭವ ತಿಳಿಸಿ.

ಕ್ಯಾಪ್ಸೂಲ್ ಜಾಕೆಟ್: ನಾನು ಬಿಡಿಯಾಗಿಯೇ ಕೊಂಡೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ಮೊದಲ ಎರಡು ಸಂಪುಟ ತಲಾ 1,750 ರೂಪಾಯಿ; 4, 5, 6 ತಲಾ 2,100. ತೊಂದರೆ ಕೊಟ್ಟದ್ದು ಮೂರನೆಯದು. ಎರಡನೆಯ ಸಂಪುಟದಲ್ಲಿ ಒಲಿಂಪಿಕ್ ಕ್ರೀಡಾಂಗಣದ ಅಡಿಯ ಶೀತಕೋಣೆಯಿಂದ ಅತೀಂದ್ರಿಯ ಶಕ್ತಿ ಪಡೆದ ತರುಣ ತೆತ್ಸುವೊ, ಅಕಿರಾ ಎಂಬ ಪುಟ್ಟ ಹುಡುಗನನ್ನು ಹೊರತಂದ ಗಳಿಗೆಗೆ ನನ್ನ ಓದು ನಿಂತುಹೋಯಿತು. ಮುಂದಿನ ಪುಸ್ತಕಕ್ಕಾಗಿ ಹದಿನಾಲ್ಕು ತಿಂಗಳು ಕಾದೆ. ಕೊನೆಗೆ ತಾಳಲಾರದೆ ಬೇರೊಬ್ಬರಿಂದ 3,900 ಕೊಟ್ಟು ತರಿಸಿಕೊಂಡ ಒಂಬತ್ತನೆಯ ದಿನಕ್ಕೆ, ನಾನು ಮರೆತೇಬಿಟ್ಟಿದ್ದ ಹಳೆಯ ಆರ್ಡರಿನ ಪ್ರತಿಯೂ 1,900ಕ್ಕೆ ಮನೆಗೆ ಬಂದಿತು. ಒಟ್ಟು 15,600. ಮೂರನೆಯ ಸಂಪುಟದ ಕೊನೆಯಲ್ಲಿ ಅಂಥದೇ ಶಕ್ತಿಯ ಮಗು ತಕಾಶಿಗೆ ಗುಂಡು ತಗುಲಿ, ಅಕಿರಾನ ಶಕ್ತಿ ಸಿಡಿದು, ಕತೆ ನಡೆಯುವ ನಗರ ನಿಯೋ-ಟೋಕಿಯೊ ಪುಡಿಯಾಗುವ ಪುಟಗಳನ್ನು ನೋಡಿದ ಮೇಲೆ ಆ ಲೆಕ್ಕವೆಲ್ಲ ಮರೆತುಹೋಗುತ್ತದೆ.

ಇಪ್ಪತ್ತೆಂಟು: ಹದಿನಾಲ್ಕು ತಿಂಗಳು ಕಾದು, ಒಂದೇ ಪುಸ್ತಕವನ್ನು ಎರಡು ಸಲ ಕೊಂಡು, ಆಮೇಲೂ ಪಶ್ಚಾತ್ತಾಪವಿಲ್ಲ ಎನ್ನುವುದು ಮೊಂಡುತನ. ನಾನು ಬಾಕ್ಸ್ ಸೆಟ್ಟಿಗೆ 15,200 ಕೊಟ್ಟೆ. ಅದರ ಮೇಲೆ ಕೊರಿಯರ್‌ನವರು 640 ವಸೂಲು ಮಾಡಿದರು. ಆಮದು ಪುಸ್ತಕಕ್ಕೆ ಶೇ 5 ಸುಂಕ ಬಂದದ್ದು 2019ರ ಬಜೆಟ್ಟಿನಲ್ಲಿ, ಅಂದರೆ ಓಟೊಮೊ ಕತೆ ನಡೆಯುವ ವರ್ಷದಲ್ಲೇ. ಪೆಟ್ಟಿಗೆಯ ಎಡಮೂಲೆ ಜಜ್ಜಿಹೋಗಿತ್ತು, ನಾಲ್ಕು ಫೋಟೊ ಕಳುಹಿಸಿದರೂ ಪರಿಹಾರ ಸಿಗಲಿಲ್ಲ. ಆದರೆ ಈ ಆವೃತ್ತಿ ಮಾತ್ರ ಜಪಾನಿ ಮೂಲದಂತೆ ಬಲದಿಂದ ಎಡಕ್ಕೆ ಸಾಗುತ್ತದೆ, ಸದ್ದಿನ ಅಕ್ಷರಗಳೂ ಜಪಾನಿಯಲ್ಲೇ ಉಳಿದಿವೆ. ನಿಮ್ಮ ಪೇಪರ್‌ಬ್ಯಾಕ್‌ಗಳಲ್ಲಿ ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದಾರೆ. ನೀವು ಓದಿದ್ದು ಓಟೊಮೊ ಬರೆದ ಪುಟವನ್ನಲ್ಲ, ಅದರ ಬಿಂಬವನ್ನು. ಮಗಳ ವಿಷಯ: ರಕ್ತವೂ ಇದೆ, ಮಾದಕ ಗುಳಿಗೆಗಳೂ ಇವೆ. ತಾವೇ ನಿರ್ಧರಿಸಿ.

ಕ್ಯಾಪ್ಸೂಲ್ ಜಾಕೆಟ್: ಬಿಂಬವೋ ಮೂಲವೋ, ನಾನು ಓದಿ ಮುಗಿಸಿದ್ದೇನೆ. ತಮ್ಮ ಪೆಟ್ಟಿಗೆ ಶೋಕೇಸಿನಲ್ಲಿ ನಿಂತಿರಬೇಕು. ನನಗಿಂತ 240 ರೂಪಾಯಿ ಹೆಚ್ಚು ತೆತ್ತು ಜಜ್ಜಿದ ಮೂಲೆ ಪಡೆದವರು ಪಾಠ ಹೇಳಬಾರದು.

ಹಳೆಬಣ್ಣ: ಇಬ್ಬರೂ ಕಪ್ಪು-ಬಿಳುಪಿನಲ್ಲೇ ಉಳಿದುಬಿಟ್ಟಿದ್ದೀರಿ. 1988ರಿಂದ ಅಮೆರಿಕದಲ್ಲಿ ಎಪಿಕ್ ಕಾಮಿಕ್ಸ್ ಹೊರತಂದ 38 ಸಂಚಿಕೆಗಳಿಗೆ ಸ್ಟೀವ್ ಓಲಿಫ್ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರು. ಕಥಾನಾಯಕ ಕನೇದನ ಕೆಂಪು ಬೈಕು ಕೆಂಪಾಗಿಯೇ ಕಾಣುವುದು ಅಲ್ಲಿ. ಸಿಂಗಪುರದಲ್ಲಿ ಕೆಲಸದಲ್ಲಿದ್ದಾಗ ವಾರಕ್ಕೊಂದು ಹಳೆಯ ಅಂಗಡಿ ಸುತ್ತಿ ಮೊದಲ ಹನ್ನೊಂದನ್ನು ಕೂಡಿಸಿದೆ. ಐದನೆಯದರ ಪಿನ್ ತುಕ್ಕು ಹಿಡಿದು ನಡುವಿನ ಹಾಳೆ ಕಳಚಿದೆ. ಮುಂದಿನವು ಸಿಗಲೇ ಇಲ್ಲ. ಹೀಗಿರುವಾಗ ಕ್ಯಾಪ್ಸೂಲ್ ಅವರು ತಕಾಶಿಯ ಗತಿಯನ್ನು ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಇಲ್ಲಿ ಬರೆದದ್ದು ಅಕ್ಷಮ್ಯ. 1988ರ ಸಿನಿಮಾದಲ್ಲಿ ಅಕಿರಾ ಉಳಿದಿರುವುದೇ ಗಾಜಿನ ಜಾಡಿಗಳಲ್ಲಿ. ಮಾಂಗಾದಲ್ಲಿ ಅವನು ಜೀವಂತ ಬಾಲಕ ಎಂಬುದೊಂದು ಸುದ್ದಿಯನ್ನು ಹಿಡಿದುಕೊಂಡು ನಾನು ಹತ್ತು ವರ್ಷ ಕಾದಿದ್ದೆ.

ಇಪ್ಪತ್ತೆಂಟು: 1990ರಲ್ಲಿ ಮುಗಿದ ಕತೆಯನ್ನು ಇನ್ನೂ ಗುಟ್ಟಾಗಿ ಇಡಬೇಕೇ? ಬಣ್ಣದ ಮಾತಿಗೆ ಬಂದರೆ, ಅಂಗೈಯಲ್ಲಿ ಸಂಖ್ಯೆ ಹೊತ್ತ, ಮುದುಕರ ಮುಖದ, ತಕಾಶಿಯಂಥ ಆ ಮಕ್ಕಳ ಸುಕ್ಕುಗಳನ್ನು ಓಟೊಮೊ ಗೆರೆಗೆರೆಯಾಗಿ ಬಿಡಿಸಿದ್ದಾರೆ. ಅದರ ಮೇಲೆ ಬಣ್ಣ ಬಳಿದರೆ ಗೋಡೆಗೆ ಡಿಸ್ಟೆಂಪರ್ ಹೊಡೆದಂತಾಗುತ್ತದೆ.

ಹಳೆಬಣ್ಣ: ಆ ಬಣ್ಣಕ್ಕೆ ಓಟೊಮೊ ಅವರ ಒಪ್ಪಿಗೆಯಿತ್ತು ಎಂಬುದನ್ನಾದರೂ ತಿಳಿದುಕೊಂಡು ಡಿಸ್ಟೆಂಪರಿನ ಮಾತಾಡಿ. ಕ್ಯಾಪ್ಸೂಲ್ ಅವರೇ, ಜಗಳ ಇರಲಿ. ಮೂರನೆಯ ಸಂಪುಟದ ಎರಡನೆಯ ಪ್ರತಿ ಇನ್ನೂ ತಮ್ಮಲ್ಲಿದ್ದರೆ ಬೆಲೆ ತಿಳಿಸಿ. 3,900 ಎಂದು ಮಾತ್ರ ಹೇಳಬೇಡಿ.