ಮೆಣಸಿನ ದುಡ್ಡು ಬಿಟ್‌ಕಾಯಿನ್‌ಗೆ ಹಾಕು ಅಂತಾನೆ ಅಕ್ಕನ ಮಗ. ಸರ್ಕಾರಕ್ಕೆ ಅದನ್ನ ಮುಟ್ಟೋಕೆ ನಿಜಕ್ಕೂ ಆಗಲ್ವಾ?

ಗೋಣಿಬೀಡು ತೋಟದವನು:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕು ಗೋಣಿಬೀಡಿನ ಕಡೆ ನಮ್ದೊಂದು ಸಣ್ಣ ತೋಟ. ರೋಬಸ್ಟಾ ಕಾಫಿ, ಮಧ್ಯೆ ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ಈ ಸಲ ಗೊಬ್ಬರ, ಬಟವಾಡೆ, ಸೊಸೈಟಿ ಸಾಲ ಎಲ್ಲ ಕಳೆದು ಮೆಣಸಿನ ದುಡ್ಡು ಸ್ವಲ್ಪ ಉಳಿದಿದೆ. ಉಳಿದಿದೆ ಅಂತ ಗೊತ್ತಾಗಿದ್ದೇ ತಡ, ಬೆಂಗಳೂರಲ್ಲಿರೋ ಅಕ್ಕನ ಮಗ ಬೆನ್ನು ಹತ್ತಿದಾನೆ. ಬಿಟ್‌ಕಾಯಿನ್ ಅನ್ನೋ ಇಂಟರ್ನೆಟ್ ದುಡ್ಡು ತಗೋ ಮಾವ ಅಂತ.

ಲಾಭ ಬರುತ್ತಾ ಅನ್ನೋದು ನನ್ನ ಪ್ರಶ್ನೆ ಅಲ್ಲ. ಅವನೂ ಲಾಭದ ಮಾತು ಆಡಲ್ಲ, ಅದೇ ನಂಗೆ ಆಶ್ಚರ್ಯ. ಹಬ್ಬದ ಊಟಕ್ಕೆ ಕೂತಾಗಿಂದ ಕೈ ತೊಳೆಯೋ ತನಕ ಸರ್ಕಾರದ್ದೇ ಮಾತು. ರಿಸರ್ವ್ ಬ್ಯಾಂಕು ಸರ್ಕಾರದ ಕೈಗೊಂಬೆಯಂತೆ, ಬೇಕಾದಾಗ ನೋಟು ಹೊಡೀತಾರಂತೆ, ಬೇಡ ಅನ್ನಿಸಿದ ರಾತ್ರಿ ರದ್ದು ಮಾಡ್ತಾರಂತೆ. ಬ್ಯಾಂಕಲ್ಲಿಟ್ಟಿದ್ದು ನಿನ್ನ ದುಡ್ಡೇ ಅಲ್ಲ, ಒಂದು ಪತ್ರ ಬಂದ್ರೆ ಫ್ರೀಜ್ ಅಂತಾನೆ. ಮುಂದೆ ಡಿಜಿಟಲ್ ರೂಪಾಯಿ ಬಂದ್ಮೇಲೆ ಎಲ್ಲಿ ಏನು ಕೊಂಡೆ ಅಂತ ಡೆಲ್ಲಿಯಲ್ಲಿ ಕೂತು ನೋಡ್ತಾರಂತೆ. ಬಿಟ್‌ಕಾಯಿನ್ ಆದ್ರೆ ಒಟ್ಟು 2 ಕೋಟಿ 10 ಲಕ್ಷ ಮಾತ್ರ, ಅದರ ಮೇಲೆ ಯಾವ ಮಂತ್ರೀನೂ ಒಂದು ಸೇರಿಸೋಕಾಗಲ್ಲ.

ಇದನ್ನೆಲ್ಲ ಹುಚ್ಚು ಅಂತ ನಾನು ತಳ್ಳಿಹಾಕಲ್ಲ. ಪೂಲ್ ಕಾಲ ನೋಡಿದ ಮನೆ ನಮ್ದು. 1942ರ ಕಾಫಿ ಕಾಯ್ದೆ ಪ್ರಕಾರ ಮನೆ ಖರ್ಚಿಗೆ, ಬೀಜಕ್ಕೆ ಇಟ್ಕೊಂಡು ಮಿಕ್ಕಿದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು, ದುಡ್ಡು ಕಂತು ಕಂತಲ್ಲಿ. ನಮ್ಮ ಕಾಫಿ ನಾವೇ ಮಾರೋ ಹಕ್ಕು ಪೂರ್ತಿ ಸಿಕ್ಕಿದ್ದು 1996ರಲ್ಲಿ. ನಾವು ಬೆಳೆದಿದ್ದರ ಮೇಲೆ ಸರ್ಕಾರಕ್ಕೆ ಎಷ್ಟು ದೂರ ಕೈ ಚಾಚೋಕಾಗುತ್ತೆ ಅಂತ ನಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ.

ಕೇಳ್ತಿರೋದು ಇಷ್ಟೆ. ಬಿಟ್‌ಕಾಯಿನ್ ಸರ್ಕಾರದ ಕೈಗೆ ಸಿಗಲ್ಲ ಅನ್ನೋದು ಎಷ್ಟು ನಿಜ? ರಿಸರ್ವ್ ಬ್ಯಾಂಕು ಸರ್ಕಾರವೇನಾ, ಬೇರೇನಾ? ಡಿಜಿಟಲ್ ರೂಪಾಯಿಗೂ ನಾವು ದಿನಾ ಫೋನಲ್ಲಿ ಕಳಿಸೋ ದುಡ್ಡಿಗೂ ಏನು ವ್ಯತ್ಯಾಸ? ತಿಳಿದವರು ಹೇಳಿ ಮಾರಾಯ್ರೆ. ಇದರಲ್ಲಿ ದುಡ್ಡು ಮಾಡ್ಕೊಡ್ತೀನಿ ಅನ್ನೋರು ದಯವಿಟ್ಟು ಮೆಸೇಜ್ ಮಾಡಬೇಡಿ.

ಸಕಲೇಶಪುರದ ಕೋಡರ್:

ಅಣ್ಣ, ನಿಮ್ಮಳಿಯ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ ಇದೆ.

ಬಿಟ್‌ಕಾಯಿನ್ ಹುಟ್ಟಿದ್ದೇ ಈ ಸಿಟ್ಟಿಂದ. ಸತೋಶಿ ನಕಮೊಟೊ ಅನ್ನೋ ಹೆಸರಲ್ಲಿ ಯಾರೋ 2009ರ ಜನವರಿ 3ಕ್ಕೆ ಮೊದಲನೇ ಬ್ಲಾಕ್, ಅಂದ್ರೆ ಅದರ ಲೆಕ್ಕದ ಪುಸ್ತಕದ ಮೊದಲ ಪುಟ, ಮಾಡಿದಾಗ, ಬ್ಯಾಂಕುಗಳಿಗೆ ಬ್ರಿಟನ್ ಸರ್ಕಾರ ಮತ್ತೆ ದುಡ್ಡು ಸುರಿಯೋಕೆ ಹೊರಟಿದೆ ಅನ್ನೋ ಆ ದಿನದ ಪೇಪರ್ ಹೆಡ್ಡಿಂಗ್‌ನ ಅದರೊಳಗೇ ಬರೆದಿಟ್ರು. ಲೆಕ್ಕದ ಪುಸ್ತಕ ಒಂದು ಆಫೀಸಲ್ಲಿಲ್ಲ, ಪ್ರಪಂಚದ ತುಂಬ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಅದೇ ನಕಲಿದೆ. 2021ರಲ್ಲಿ ಚೀನಾ ಕಂಪ್ಯೂಟರ್ ಓಡಿಸಿ ಹೊಸ ಕಾಯಿನ್ ಗಳಿಸೋ ಮೈನಿಂಗೂ ಬೇಡ, ವ್ಯವಹಾರವೂ ಬೇಡ ಅಂತು. ಮೈನಿಂಗ್ ಮಾಡೋರು ಮೆಷಿನ್ ಹೊತ್ಕೊಂಡು ಬೇರೆ ದೇಶಕ್ಕೆ ಹೋದ್ರು, ಅದು ಓಡ್ತಾನೇ ಇತ್ತು. 2022ರ ಫೆಬ್ರವರಿಯಲ್ಲಿ ಕೆನಡಾದಲ್ಲಿ ಲಾರಿ ಮುಷ್ಕರದವರ ಬ್ಯಾಂಕ್ ಖಾತೆ ಕೋರ್ಟ್ ಆದೇಶ ಇಲ್ದೇನೇ ಫ್ರೀಜ್ ಮಾಡಿದ್ರಲ್ಲ, ನಿಮ್ಮಳಿಯನ ತಲೇಲಿ ಇರೋದು ಅದೇ ಇರಬೇಕು.

ಒಂದೇ ಷರತ್ತು. ಕೀ, ಅಂದ್ರೆ ಆ ಕಾಯಿನ್ ಖರ್ಚು ಮಾಡೋಕೆ ಬೇಕಾದ ಗುಟ್ಟಿನ ಸಂಖ್ಯೆ, ನಿಮ್ಮ ಕೈಯಲ್ಲೇ ಇರಬೇಕು. ಕಾಯಿನ್ ಕೊಂಡು ಮಾರೋ ಕಂಪನಿ, ಅಂದ್ರೆ ಎಕ್ಸ್‌ಚೇಂಜಲ್ಲಿ ಬಿಟ್ರೆ ಅದೂ ಬ್ಯಾಂಕೇ, ಅದೂ ಲಂಗುಲಗಾಮಿಲ್ಲದ ಬ್ಯಾಂಕು. 2024ರ ಜುಲೈಯಲ್ಲಿ ನಮ್ಮ ದೇಶದ್ದೇ ಒಂದು ದೊಡ್ಡ ಎಕ್ಸ್‌ಚೇಂಜಿಂದ ಸುಮಾರು 2,000 ಕೋಟಿ ರೂಪಾಯಿಯಷ್ಟು ಹ್ಯಾಕರ್‌ಗಳ ಪಾಲಾಯ್ತು. ಜನ ವರ್ಷಕ್ಕೂ ಮೇಲೆ ದುಡ್ಡು ತೆಗೆಯೋಕಾಗದೆ ಕೂತಿದ್ರು.

ನಿವೃತ್ತ ಕ್ಯಾಷಿಯರ್, ಚಿಕ್ಕಮಗಳೂರು:

ತೋಟದವರೆ, ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಸವೆದವನು. ನಿಮ್ಮ ಅಳಿಯನ ಸಿಟ್ಟು ನನಗೆ ಅರ್ಥವಾಗುತ್ತದೆ. ನೋಟು ರದ್ದಾದ 2016ರ ನವೆಂಬರ್ ಅಂದರೆ ನಮ್ಮ ಕಡೆ ಅರೇಬಿಕಾ ಹಣ್ಣಿನ ಕಾಲ. ಖಾತೆಗೆ ವಾರಕ್ಕೆ 24,000 ಎಂಬ ಮಿತಿ. ಎಸ್ಟೇಟ್ ರೈಟರು (ಗುಮಾಸ್ತರು) ಬಟವಾಡೆ ಪಟ್ಟಿ ಹಿಡಿದು ಬಂದರೆ ಕೊಡಲು ನನ್ನ ಡ್ರಾಯರಿನಲ್ಲಿದ್ದದ್ದು ಹೊಸ 2,000ದ ಗುಲಾಬಿ ನೋಟು. ಅದನ್ನು ಆಳುಗಳ ಲೈನ್ ಮನೆಗಳಿಗೆ ಒಯ್ದರೆ ಚಿಲ್ಲರೆ ಕೊಡುವವರು ಯಾರು? ನಾಲ್ಕಾರು ಆಳಿಗೆ ಸೇರಿಸಿ ಒಂದು ನೋಟು ಕೊಟ್ಟು, ಅವರನ್ನು ಒಟ್ಟಿಗೇ ದಿನಸಿ ಅಂಗಡಿಗೆ ಕಳಿಸಿದ ರೈಟರು ಇದ್ದರು. ನೋಟು ಬದಲಿಸಿಕೊಂಡವರ ಬೆರಳಿಗೆ ಹಚ್ಚಲು ಮೈಸೂರಿನ ಶಾಯಿ ಬಂತು, ಚುನಾವಣೆಗೆ ಹಚ್ಚುವುದೇ. ಇಷ್ಟೆಲ್ಲ ಆಗಿ, ರದ್ದಾದ ನೋಟುಗಳಲ್ಲಿ ಶೇ 99.3ರಷ್ಟು ವಾಪಸ್ ಬಂದವು ಎಂದು ರಿಸರ್ವ್ ಬ್ಯಾಂಕೇ 2018ರಲ್ಲಿ ಲೆಕ್ಕ ಕೊಟ್ಟಿತು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಎರಡು ದಿನಗಳ ಕಾಗದಪತ್ರದಲ್ಲಿದೆ. ನೋಟು ರದ್ದು ಮಾಡಬೇಕಾದರೆ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಕಾಯ್ದೆಯ 26ನೇ ಕಲಮು ಹೇಳುವುದು ಹಾಗೆ. ಆದದ್ದೇನು? ನವೆಂಬರ್ 7ಕ್ಕೆ ಸರ್ಕಾರದಿಂದಲೇ ಬ್ಯಾಂಕಿಗೆ ಪತ್ರ ಹೋಯಿತು, 8ರ ಸಂಜೆ ಮಂಡಳಿ ಸೇರಿ ಶಿಫಾರಸು ಕೊಟ್ಟಿತು, ರಾತ್ರಿ 8ಕ್ಕೆ ಪ್ರಧಾನಿ ಟಿ.ವಿ.ಯಲ್ಲಿದ್ದರು. 2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಇದು ಸರಿಯೇ ಎಂದರು. ಒಪ್ಪದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪ್ರಸ್ತಾವ ಸರ್ಕಾರದಿಂದ ಹೊರಟಿದ್ದರೆ ಬರೀ ಅಧಿಸೂಚನೆ ಸಾಲದು, ಸುಗ್ರೀವಾಜ್ಞೆಯೋ ಸಂಸತ್ತಿನ ಕಾನೂನೋ ಬೇಕಿತ್ತು, ಬ್ಯಾಂಕು ಸ್ವತಂತ್ರವಾಗಿ ಯೋಚಿಸಿದ ಗುರುತು ಇಲ್ಲ ಎಂಬುದು ಅವರ ಮಾತಿನ ಸಾರ. ತೀರ್ಪಾಗಿ ಅದಕ್ಕೆ ಬಲವಿಲ್ಲ. ನನ್ನ ಮಟ್ಟಿಗೆ ಸರಿಯಾದ ಪ್ರಶ್ನೆ ಕೇಳಿದವರು ಅವರೇ.

ರಿಸರ್ವ್ ಬ್ಯಾಂಕು 1935ರಲ್ಲಿ ಷೇರುದಾರರ ಬ್ಯಾಂಕಾಗಿ ಶುರುವಾಯಿತು, 1949ರಿಂದ ಸರ್ಕಾರದ್ದು. ಗವರ್ನರನ್ನು ನೇಮಿಸುವುದು ಸರ್ಕಾರ. ಸಾರ್ವಜನಿಕ ಹಿತದ ಹೆಸರಿನಲ್ಲಿ, ಗವರ್ನರ್ ಜೊತೆ ಸಮಾಲೋಚಿಸಿ ಸರ್ಕಾರ ನಿರ್ದೇಶನ ಕೊಡಬಹುದು ಎಂದು 7ನೇ ಕಲಮಿನಲ್ಲಿದೆ. 2018ರಲ್ಲಿ ಅದರ ಸುತ್ತಲೇ ಜಟಾಪಟಿ ನಡೆದು, ಡಿಸೆಂಬರಿನಲ್ಲಿ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣ ಎಂದು ಹೇಳಿ ರಾಜೀನಾಮೆ ಕೊಟ್ಟರು. ಇನ್ನೊಂದು ಕಡೆ, ಬಡ್ಡಿ ದರ ನಿರ್ಧಾರ 2016ರಿಂದ ಆರು ಜನರ ಸಮಿತಿಯದು. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಹಣದುಬ್ಬರ ಶೇ 4ರ ಆಸುಪಾಸು ಇರಬೇಕು, 2ಕ್ಕಿಂತ ಕೆಳಗೆ 6ಕ್ಕಿಂತ ಮೇಲೆ ಹೋಗಬಾರದು, ಸತತ ಒಂಬತ್ತು ತಿಂಗಳು ತಪ್ಪಿದರೆ ಸರ್ಕಾರಕ್ಕೆ ಬರವಣಿಗೆಯಲ್ಲಿ ಕಾರಣ ಕೊಡಬೇಕು. ಕೈಗೊಂಬೆಗೆ ಇಷ್ಟು ಕಟ್ಟುಪಾಡು ಯಾರೂ ಮಾಡುವುದಿಲ್ಲ. ಆದರೆ ಕಟ್ಟುಪಾಡು ನಿಲ್ಲುವುದು ಆ ಕುರ್ಚಿಯಲ್ಲಿ ಕೂತವರ ಬೆನ್ನುಮೂಳೆಯ ಮೇಲೆ, ಅದನ್ನೂ ಒಪ್ಪುತ್ತೇನೆ.

ನೋಟು ಹೊಡೆಯುತ್ತಾರೆ ಎಂಬ ಮಾತು ಮಾತ್ರ ಅರ್ಧ ತಿಳಿವಳಿಕೆ. ಮೈಸೂರಿನ ಮುದ್ರಣಾಲಯ ನೋಟು ಹೊಡೆಯುತ್ತದೆ, ನಿಜ. ದುಡ್ಡು ಹೆಚ್ಚಾಗಿ ಹುಟ್ಟುವುದು ಅಲ್ಲಲ್ಲ. ನಿಮ್ಮ ಬೆಳೆಸಾಲ ಮಂಜೂರಾಗಿ ಖಾತೆಗೆ ಜಮೆಯಾಯಿತಲ್ಲ, ಆ ಕ್ಷಣದಲ್ಲಿ ಹೊಸ ದುಡ್ಡು ಹುಟ್ಟಿತು. ಮೈಸೂರಿನ ಯಂತ್ರ ಆ ದಿನ ರಜೆಯಲ್ಲಿದ್ದರೂ ಹುಟ್ಟುತ್ತಿತ್ತು. 2 ಕೋಟಿ 10 ಲಕ್ಷಕ್ಕೆ ನಿಂತ ದುಡ್ಡಿನಲ್ಲಿ ಈ ಎಳೆದಾಟಕ್ಕೆ ಜಾಗವಿಲ್ಲ, ಅದೇ ಅದರ ಹೆಮ್ಮೆ. ಹಾಗಿದ್ದರೆ 2020ರಲ್ಲಿ ಲಾಕ್‌ಡೌನ್ ಆದಾಗ ಮಾರ್ಚಿನಿಂದ ಆಗಸ್ಟ್‌ವರೆಗೆ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತಲ್ಲ, ಅಂಥದ್ದಕ್ಕೆ ನಿಮ್ಮ ಅಳಿಯ ಯಾರ ಬಾಗಿಲು ಬಡಿಯುತ್ತಾನೆ? ಬೈಯಲು ಒಂದು ವಿಳಾಸ ಇರುವುದೂ ಒಂದು ಅನುಕೂಲ.

ಡಿಜಿಟಲ್ ರೂಪಾಯಿ: ಫೋನಿನಲ್ಲಿ ಯುಪಿಐ ಮಾಡಿದಾಗ ಓಡಾಡುವುದು ಬ್ಯಾಂಕ್ ಖಾತೆಯ ದುಡ್ಡು, ಅಂದರೆ ಬ್ಯಾಂಕು ನಿಮಗೆ ಕೊಡಬೇಕಾದ ಬಾಕಿ. ಡಿಜಿಟಲ್ ರೂಪಾಯಿ ನೋಟಿನ ಹಾಗೆ ನೇರ ರಿಸರ್ವ್ ಬ್ಯಾಂಕಿನದೇ ಬಾಕಿ. ಜನಸಾಮಾನ್ಯರಿಗೆ 2022ರ ಡಿಸೆಂಬರ್ 1ರಿಂದ ಪ್ರಯೋಗ ಶುರುವಾಯಿತು, ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. ಇಂಥದ್ದಕ್ಕೆ ಮಾತ್ರ ಖರ್ಚಾಗಲಿ ಎಂದು ದುಡ್ಡಿಗೇ ಷರತ್ತು ಹಾಕುವ ಸೌಲಭ್ಯವನ್ನೂ ಪ್ರಯೋಗದಲ್ಲಿ ಸೇರಿಸುವುದಾಗಿ 2024ರ ಫೆಬ್ರವರಿಯಲ್ಲಿ ಹೇಳಿದರು. ಗೊಬ್ಬರದ ಸಹಾಯಧನ ಗೊಬ್ಬರದ ಅಂಗಡಿಯಲ್ಲೇ ಓಡಬೇಕು ಎಂದರೆ ಯಾರಿಗೂ ತಕರಾರಿಲ್ಲ. ಷರತ್ತು ಹಾಕುವ ಅಧಿಕಾರ ಯಾರಿಗೆ, ಎಲ್ಲಿಯವರೆಗೆ ಎಂಬುದು ಕಾನೂನಿನಲ್ಲಿ ಅಕ್ಷರದಲ್ಲಿರಬೇಕು. ನಿಮ್ಮ ಅಳಿಯ ಗಟ್ಟಿಯಾಗಿ ಕೂಗಬೇಕಾದ ಜಾಗ ಇದು. ಬಿಟ್‌ಕಾಯಿನ್ ಕೊಂಡು ಪಕ್ಕಕ್ಕೆ ಸರಿದರೆ ಇದು ಬಗೆಹರಿಯುವುದಿಲ್ಲ.

ಹಾಸನದ ಲೆಕ್ಕಪತ್ರದವನು:

ಹಿರಿಯರು ದೊಡ್ಡ ವಿಷಯ ಹೇಳಿದ್ದಾರೆ, ನಾನು ಬಾಗಿಲಿನ ವಿಷಯ ಹೇಳ್ತೀನಿ. ಬಿಟ್‌ಕಾಯಿನ್ ಸರ್ಕಾರಕ್ಕೆ ಸಿಗದೇ ಇರಬಹುದು. ನೀವು ಸಿಗ್ತೀರಿ. ಕೊಳ್ಳೋಕೆ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಬೇಕು. 2023ರ ಮಾರ್ಚಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಒಳಗೆ ಬಂದಿವೆ, ಅನುಮಾನ ಬಂದ ವ್ಯವಹಾರ ವರದಿ ಮಾಡಲೇಬೇಕು. ಕೆನಡಾದ ಉದಾಹರಣೆ ಕೊಟ್ಟ ತಮ್ಮ ಪೂರ್ತಿ ಹೇಳಲಿಲ್ಲ. ಅಲ್ಲಿ ವ್ಯಾಲೆಟ್ (ಕಾಯಿನ್ ಇಡೋ ಖಾತೆ) ವಿಳಾಸಗಳ ಪಟ್ಟಿಯನ್ನೂ ಎಕ್ಸ್‌ಚೇಂಜ್‌ಗಳಿಗೆ ಕಳಿಸಿದ್ರು.

ನಮ್ಮಲ್ಲಿ 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಈ ಧಂದೆಯವರ ಖಾತೆ ನಡೆಸಬೇಡಿ ಅಂದಿತ್ತು. 2020ರ ಮಾರ್ಚ್ 4ಕ್ಕೆ ಸುಪ್ರೀಂ ಕೋರ್ಟ್ ಅದನ್ನ ಹೊಡೆದುಹಾಕ್ತು: ಅಧಿಕಾರ ಇದೆ, ಆದ್ರೆ ಬ್ಯಾಂಕುಗಳಿಗೆ ಆದ ಹಾನಿ ತೋರಿಸದೆ ಇಷ್ಟು ಬಿಗಿ ಹಾಕಿದ್ದು ಅತಿಯಾಯ್ತು ಅಂತ. ಆಮೇಲೆ ಸರ್ಕಾರ ನಿಷೇಧಾನೂ ಮಾಡಲಿಲ್ಲ, ಮಾನ್ಯತೆಯನ್ನೂ ಕೊಡಲಿಲ್ಲ, ತೆರಿಗೆ ಹಾಕ್ತು.

ಲೆಕ್ಕ ನೋಡಿ. ಎರಡು ಥರದ ಕಾಯಿನ್ ಒಂದೊಂದು ಲಕ್ಷಕ್ಕೆ ಕೊಂಡ್ರಿ. ಒಂದನ್ನ 1,60,000ಕ್ಕೆ, ಇನ್ನೊಂದನ್ನ 40,000ಕ್ಕೆ ಮಾರಿದ್ರಿ. ನಿಮ್ಮ ಜೇಬಿಂದ ಹಾಕಿದ್ದೂ 2 ಲಕ್ಷ, ಬಂದಿದ್ದೂ 2 ಲಕ್ಷ. ಒಂದರ ನಷ್ಟನ ಇನ್ನೊಂದರ ಲಾಭಕ್ಕೆ ಹೊಂದಿಸೋ ಹಾಗಿಲ್ಲ, ಹಾಗಾಗಿ 60,000ದ ಲಾಭಕ್ಕೆ ಶೇ 30, ಸೆಸ್ ಸೇರಿ 18,720 ಕಟ್ಟಿ. ಮಾರುವಾಗಲೇ ಹಿಡಿಯೋ ಶೇ 1 ತೆರಿಗೆ, ಅಂದ್ರೆ ಟಿಡಿಎಸ್, ಇದರಲ್ಲಿ ವಜಾ ಆಗುತ್ತೆ, ಅಷ್ಟೇ ಸಮಾಧಾನ. ನಿಮ್ಮ ಮೆಣಸಿನ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಅದೇ ದುಡ್ಡು ಈ ಕಡೆ ಕಾಲಿಟ್ಟ ಮೇಲೆ ಹುಟ್ಟೋ ಲಾಭಕ್ಕೆ ಆ ರಿಯಾಯಿತಿ ಇಲ್ಲ. ಸರ್ಕಾರದಿಂದ ದೂರ ಹೋಗೋಕೆ ಅಂತ ಹೊರಟು ಸರ್ಕಾರದ ಮಡಿಲಿಗೇ ಬಂದು ಬೀಳ್ತೀರಿ.

ಹೊಳೆನರಸೀಪುರದ ಹುಡುಗ:

ಸಾರ್ ನಂದು ಕೇಳಿ. ಎಕ್ಸ್‌ಚೇಂಜಲ್ಲಿ ಟಿಡಿಎಸ್ ಹೋಗುತ್ತೆ ಅಂತ ಫ್ರೆಂಡ್ಸ್ ಮಾತು ಕೇಳಿ ಪಿ2ಪಿ ಮಾಡ್ತಿದ್ದೆ. ಅಂದ್ರೆ ನನ್ನ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಕಾಯಿನ್) ಯಾರೋ ಗುರುತಿಲ್ಲದೋರಿಗೆ ಕಳಿಸೋದು, ಅವರು ನನ್ನ ಬ್ಯಾಂಕಿಗೆ ರೂಪಾಯಿ ಹಾಕೋದು. ಒಂದಿನ ಬಂಕಲ್ಲಿ ಪೆಟ್ರೋಲ್ ಹಾಕಿಸ್ಕೊಂಡು ಸ್ಕ್ಯಾನ್ ಮಾಡಿದ್ರೆ ಪೇಮೆಂಟ್ ಫೇಲ್. ಬ್ಯಾಲೆನ್ಸ್ ನೋಡಿದ್ರೆ ಇದೆ! ಬ್ಯಾಂಕಿಗೆ ಹೋದ್ರೆ ಮೇಡಂ ಸ್ಕ್ರೀನ್ ತಿರುಗಿಸಿ ತೋರಿಸಿದ್ರು, ಖಾತೆ ಮೇಲೆ ಲೀನ್ ಮಾರ್ಕ್, ಅಂದ್ರೆ ದುಡ್ಡು ತೆಗೆಯದ ಹಾಗೆ ತಡೆ. ನಂಗೆ ದುಡ್ಡು ಹಾಕಿದೋನು ಇನ್ನೊಬ್ಬರಿಗೆ ಟೋಪಿ ಹಾಕಿದ ದುಡ್ಡು ಹಾಕಿದ್ದ. ಆ ಇನ್ನೊಬ್ಬರು ಬೇರೆ ರಾಜ್ಯದಲ್ಲಿ ದೂರು ಕೊಟ್ಟಿದ್ರು. ಆ ಊರಿನ ಸ್ಟೇಷನ್ನಿಂದ ಪತ್ರ ತನ್ನಿ ಅಂದ್ರು ಬ್ಯಾಂಕಲ್ಲಿ. ಅಲ್ಲಿ ಫೋನ್ ಎತ್ತಿದೋರಿಗೆ ಹಿಂದಿ ಬಿಟ್ರೆ ಬೇರೆ ಬರಲ್ಲ, ನಂಗೆ ಹಿಂದಿ ಅಷ್ಟಕ್ಕಷ್ಟೆ. ಅಕ್ಕನ ಸೀಮಂತಕ್ಕೆ ಅಂತ ಅಪ್ಪ ನನ್ನ ಖಾತೆಗೆ ಹಾಕಿದ್ದ ದುಡ್ಡೂ ಅದರಲ್ಲೇ ಸಿಕ್ಕಾಕ್ಕೊಂಡಿತ್ತು.

ಅಳಿಯ ಹೇಳೋದು ಕರೆಕ್ಟು, ಸರ್ಕಾರ ಖಾತೆ ಫ್ರೀಜ್ ಮಾಡುತ್ತೆ. ಆದ್ರೆ ಸಾರ್, ನಂದು ಫ್ರೀಜ್ ಆಗಿದ್ದೇ ಕ್ರಿಪ್ಟೋ ಮಾಡಿದ್ದಕ್ಕೆ.

ಗೋಣಿಬೀಡು ತೋಟದವನು:

ಎಲ್ಲರಿಗೂ ಥ್ಯಾಂಕ್ಸ್. ಅಳಿಯಂಗೆ ಫೋನ್ ಮಾಡಿ ಕೀ ಯಾರ ಹತ್ರ ಇರುತ್ತೆ ಅಂತ ಕೇಳ್ದೆ. "ನಿಂಗೆ ಅದೆಲ್ಲ ಗೊತ್ತಾಗಲ್ಲ ಮಾವ, ನನ್ನ ಫೋನಲ್ಲೇ ಇಟ್ಕೊಂಡಿರ್ತೀನಿ" ಅಂದ! ಅಂದ್ರೆ ರಿಸರ್ವ್ ಬ್ಯಾಂಕ್ ಗವರ್ನರ್ ಬದಲು ನಮ್ಮಕ್ಕನ ಮಗ. ಅವನ ಮೇಲೆ ನಂಗೆ ಪ್ರೀತಿ ಇದೆ, ಆದ್ರೆ ಅವನಿಗೆ 7ನೇ ಕಲಮೂ ಇಲ್ಲ, ಸಮಿತೀನೂ ಇಲ್ಲ, ಸುಪ್ರೀಂ ಕೋರ್ಟೂ ಇಲ್ಲ.

ಪೂಲ್ ಹೋಗಿದ್ದು ಕಾಫಿ ಬಚ್ಚಿಟ್ಟಿದ್ದಕ್ಕಲ್ಲ. ಬೆಳೆಗಾರರು ವರ್ಷಗಟ್ಟಲೆ ಡೆಲ್ಲಿಗೆ ಅಲೆದು ಕಾನೂನು ಬದಲಾಯಿಸಿದ್ದಕ್ಕೆ. ಅದಾದ ಮೇಲೆ ರೇಟು ಕಟ್ಟೋದು ಲಂಡನ್ನು ನ್ಯೂಯಾರ್ಕಿನ ಕೈಗೆ ಹೋಯ್ತು, 2001-02ರ ಹೊತ್ತಿಗೆ ಬೆಲೆ ನೆಲ ಕಚ್ಚಿದಾಗ ಕೇಳೋರಿರಲಿಲ್ಲ, ಅದು ಬೇರೆ ಕಥೆ. ನನ್ನ ಬದುಕೇ ಹಾಗೆ ಏರಿಳಿಯೋ ಬೆಲೆ ಮೇಲೆ ನಿಂತಿದೆ. 2021ರ ನವೆಂಬರಲ್ಲಿ ಒಂದು ಬಿಟ್‌ಕಾಯಿನ್ 69,000 ಡಾಲರ್ ಹತ್ರ ಇದ್ದಿದ್ದು ಮುಂದಿನ ನವೆಂಬರಲ್ಲಿ 16,000ಕ್ಕಿಂತ ಕೆಳಗೆ ಬಂದಿತ್ತು ಅಂತ ಅವನೇ ತೋರಿಸಿದ. ಉಳಿಸಿದ ದುಡ್ಡೂ ಹಾಗೇ ಕುಣಿಯೋದು ನಂಗೆ ಬೇಡ. ಹೂಮಳೆ ಕೈಕೊಟ್ರೆ ಅಂತ ಸ್ಪ್ರಿಂಕ್ಲರ್ ಪೈಪು ತಗೊಂಡು, ಮಿಕ್ಕಿದ್ದು ಎಫ್‌ಡಿ. ಅವನು ಬೇಕಾದ್ರೆ ಅವನ ಸಂಬಳದಲ್ಲಿ ತಗೊಳ್ಳಲಿ.

ಸಕಲೇಶಪುರದ ಕೋಡರ್:

ಅಣ್ಣ ಕೀ ಅವನ ಫೋನಲ್ಲಿ ಅಂದ್ರೆ ಬೇಡವೇ ಬೇಡ. ಆ ಮಾತಿಗೆ ನಾನು ನಿಮ್ಮ ಪಾರ್ಟಿ. ಆದ್ರೆ ಡಿಜಿಟಲ್ ರೂಪಾಯಿ ವಿಷಯದಲ್ಲಿ ಕ್ಯಾಷಿಯರ್ ಸಾರ್ ಕಾನೂನನ್ನ ಜಾಸ್ತಿ ನಂಬ್ತಾರೆ ಅನ್ಸುತ್ತೆ. ಒಂದು ಪತ್ರ, ಒಂದು ಸಂಜೆ ಮೀಟಿಂಗು ಅಂತ ಅವರೇ ಬರೆದಿದ್ದಾರಲ್ಲ.

ನಿವೃತ್ತ ಕ್ಯಾಷಿಯರ್, ಚಿಕ್ಕಮಗಳೂರು:

ತಮ್ಮ, ಅದು ನ್ಯಾಯವಾದ ಮಾತು. ಉತ್ತರ ನನ್ನ ಹತ್ತಿರ ಇಲ್ಲ.

ತೋಟದವರೆ, ಎಫ್‌ಡಿ ಇಡುವಾಗ ಒಂದು ನೆನಪಿಡಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಮೂಡಿಗೆರೆ ಶಾಖೆಯಲ್ಲಿ ಸ್ವಲ್ಪ, ಅದೇ ಬ್ಯಾಂಕಿನ ಬೇಲೂರು ಶಾಖೆಯಲ್ಲಿ ಸ್ವಲ್ಪ ಇಟ್ಟರೆ ಎರಡೂ ಸೇರಿ ಒಂದೇ ಲೆಕ್ಕ. ಹಂಚುವುದಾದರೆ ಬೇರೆ ಬ್ಯಾಂಕಿಗೆ ಹಂಚಿ, ನಾಮಿನಿ ಹೆಸರು ಬರೆಸದೆ ಕೌಂಟರ್ ಬಿಟ್ಟು ಏಳಬೇಡಿ.