ಕೋಟೆಯೂ ಪೇಟೆಯೂ ಒಂದಾಗಿರುವ ಊರುಗಳು: ಸಂಕ್ರಮಣದ ನಂತರ ಎಲ್ಲಿಗೆ ಹೋಗುವುದು ಒಳ್ಳೆಯದು?

ಪ್ರಶ್ನೆ (ಬೆಳಗಾವಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳಗಾವಿಯ ಕೋಟೆಯಲ್ಲಿ ಕಂದಕವಿದೆ, 1204ರ ಕಮಲ ಬಸದಿಯಿದೆ, ಸಫಾ ಮಸೀದಿಯಿದೆ. ಆದರೆ ಒಳಗಿನ ಬಹುಭಾಗ ಸೇನೆಯ ವಶದಲ್ಲಿರುವುದರಿಂದ ಪೇಟೆಯ ಓಡಾಟವೆಲ್ಲ ಹೊರಗೇ ಉಳಿದಿದೆ. ಕೋಟೆಯ ಬುಡದಲ್ಲಿಯೇ ಜನ ಮನೆ ಮಾಡಿಕೊಂಡು, ಅಂಗಡಿ ಇಟ್ಟುಕೊಂಡು ಬದುಕುತ್ತಿರುವ ಸಣ್ಣ ಊರನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ ನನಗಿದೆ. ಸಂಕ್ರಮಣ ಮುಗಿದ ಮೇಲೆ ಎರಡು ದಿನ ಬಿಡುವಿದೆ, ಜೊತೆಗೆ ತಾಯಿಯವರೂ ಬರುತ್ತಾರೆ. ಎಲ್ಲಿಗೆ ಹೋಗಬಹುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬಾಗಲಕೋಟೆಯಿಂದ)

ನಮಸ್ಕಾರ ಸರ್. ಎರಡು ದಿನವನ್ನೂ ಬಾದಾಮಿಗೇ ಕೊಡಿ. ಹೆಚ್ಚಿನವರು ಬೆಳಿಗ್ಗೆ ಬಂದು, ಗುಹೆಗಳನ್ನು ನೋಡಿ, ಮಧ್ಯಾಹ್ನವೇ ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ಹಾಗೆ ಮಾಡಿದರೆ ಶಿಲ್ಪ ಕಾಣುತ್ತದೆಯೇ ಹೊರತು ಊರು ಕಾಣುವುದಿಲ್ಲ.

ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದು ಕ್ರಿ.ಶ. 543ರಲ್ಲಿ, ಮತ್ತು ಆ ಮಾತನ್ನು ಹೇಳುವ ಶಾಸನ ಇಂದಿಗೂ ಬಂಡೆಯ ಮೇಲಿದೆ. ಈ ಜಾಗವನ್ನೇ ಏಕೆ ಆರಿಸಿಕೊಂಡನೆಂಬುದು ಉತ್ತರದ ಬೆಟ್ಟವನ್ನು ಹತ್ತಿದವರಿಗೆ ತಾನಾಗಿ ತಿಳಿಯುತ್ತದೆ: ಎರಡು ಕೆಂಪು ಮರಳುಗಲ್ಲಿನ ಬೆಟ್ಟಗಳು, ಅವುಗಳ ನಡುವೆ ಮಳೆನೀರು ಹರಿದುಬಂದು ನಿಲ್ಲುವ ಅಗಸ್ತ್ಯ ತೀರ್ಥ, ಆ ಕೆರೆಯ ಪಶ್ಚಿಮಕ್ಕೆ ಬೆಟ್ಟಗಳ ಬಾಯಲ್ಲಿ ಒತ್ತೊತ್ತಾಗಿ ಕುಳಿತಿರುವ ಮಾಳಿಗೆ ಮನೆಗಳು. ಮೇಲಿನ ಬತೇರಿಗಳು, ದುಂಡನೆಯ ಧಾನ್ಯದ ಕಣಜಗಳು ನಂತರದ ಕಾಲದವು. ವಿಜಯನಗರದವರಿಂದ ಹಿಡಿದು ಟಿಪ್ಪುವಿನವರೆಗೆ ಅನೇಕರು ಈ ಕೋಟೆಯನ್ನು ಬಳಸಿದ್ದಾರೆ, 1818ರಲ್ಲಿ ಮನ್ರೋ ಇದನ್ನು ಇಂಗ್ಲಿಷರಿಗಾಗಿ ಗೆದ್ದುಕೊಂಡ.

ವಸ್ತುಸಂಗ್ರಹಾಲಯಕ್ಕೆ ಹೋಗುವಾಗ ವಾಹನವನ್ನು ದೊಡ್ಡ ರಸ್ತೆಯಲ್ಲಿಯೇ ಬಿಟ್ಟು ಓಣಿಗಳ ಮೂಲಕ ನಡೆದು ಹೋಗಿ. ಕಟ್ಟೆಯ ಮೇಲೆ ಕುಳಿತ ಹಿರಿಯರು ದಾರಿ ತೋರಿಸುತ್ತಾರೆ, ಯಾವ ಊರೆಂದು ವಿಚಾರಿಸುತ್ತಾರೆ. ಕೆರೆಯ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಸದ್ದು ಎದುರಿನ ಗುಹೆಗಳವರೆಗೂ ಕೇಳುತ್ತದೆ. ಕೆರೆಯ ಆ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯ ಅತ್ಯಂತ ಹಳೆಯ ಉದಾಹರಣೆಯನ್ನು ಅದು ಕೆತ್ತಲ್ಪಟ್ಟ ಜಾಗದಲ್ಲಿಯೇ ನಿಂತು ನೋಡುವ ಅವಕಾಶವನ್ನು ಮಕ್ಕಳಿಗೆ ಖಂಡಿತ ತಪ್ಪಿಸಬೇಡಿ.

ನೀವು ಹೇಳುವ ಸಮಯದಲ್ಲಿ ಬನದ ಹುಣ್ಣಿಮೆ ಬರುತ್ತದೆ. ಬನಶಂಕರಿಯ ತೇರು ಆ ದಿನವೇ. ತೇರಿನ ದಿನದ ನೂಕುನುಗ್ಗಲು ತಾಯಿಯವರಿಗೆ ಕಷ್ಟವಾದೀತು. ಆದರೆ ಜಾತ್ರೆ ಅಲ್ಲಿಗೇ ಮುಗಿಯದೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಬೀಡುಬಿಟ್ಟಿರುತ್ತವೆ. ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ತಾಯಂದಿರ ಹತ್ತಿರ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸಿಗುತ್ತದೆ. ಊಟ ಅಲ್ಲಿಯೇ ಮಾಡಿ.

ಉತ್ತರ 2 (ಸವದತ್ತಿಯಿಂದ)

ಬಾದಾಮಿಯ ಬಗ್ಗೆ ಮೇಲಿನವರು ಬರೆದಿದ್ದನ್ನು ಒಪ್ಪುತ್ತೇನೆ. ಆದರೆ ಬೆಳಗಾವಿಯವರು ಸವದತ್ತಿಯನ್ನು ಬರೀ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯೆಂದು ದಾಟಿಬಿಡುತ್ತಾರೆ ಎಂಬುದು ನನಗೆ ಬಹಳ ಬೇಸರದ ಸಂಗತಿ. ರಟ್ಟರ ರಾಜಧಾನಿ ಸುಗಂಧವರ್ತಿ ಇದೇ ಊರು. ಅವರು ವೇಣುಗ್ರಾಮಕ್ಕೆ, ಅಂದರೆ ನಿಮ್ಮ ಬೆಳಗಾವಿಗೆ, ಹೋಗಿದ್ದು ಆಮೇಲೆ. ಊರಿನಲ್ಲಿಯೇ ಇರುವ ಕೋಟೆಯನ್ನು ಶಿರಸಂಗಿಯ ದೇಸಾಯರು 18ನೆಯ ಶತಮಾನದಲ್ಲಿ ಕಟ್ಟಿಸಿದರು. ತಮ್ಮ ಸಂಪತ್ತನ್ನೆಲ್ಲ ವಿದ್ಯೆಗೆ ಬಿಟ್ಟುಕೊಟ್ಟ ಲಿಂಗರಾಜರು ಇದೇ ಮನೆತನದವರು. ಒಳಗೆ ಕಾಡಸಿದ್ಧೇಶ್ವರ ಗುಡಿಯಿದೆ. ಅರ್ಧ ದಿನ ಸಾಕು, ಸಮೀಪದ ಪರಸಗಡವನ್ನೂ ಸೇರಿಸಿದರೆ ಒಂದು ದಿನ. ಹುಣ್ಣಿಮೆಯ ಆಸುಪಾಸಿನಲ್ಲಿ ಮಾತ್ರ ಬರಬೇಡಿ, ಚಕ್ಕಡಿ, ಟ್ರ್ಯಾಕ್ಟರುಗಳಿಂದ ರಸ್ತೆ ತುಂಬಿಹೋಗಿರುತ್ತದೆ.

ಉತ್ತರ 3 (ಬೈಲಹೊಂಗಲದಿಂದ)

ಕಿತ್ತೂರನ್ನು ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಧಾರವಾಡದ ಹೆದ್ದಾರಿಯಲ್ಲಿಯೇ ಇದೆ. 1824ರ ಯುದ್ಧದ ನಂತರ ಅರಮನೆಯ ಗೋಡೆಗಳಷ್ಟೇ ಉಳಿದಿವೆ, ಹಾಗಾಗಿ ನೀವು ಕೇಳಿದಂಥ ವಸತಿ ಕೋಟೆಯೊಳಗೆ ಇಲ್ಲ. ಆದರೂ ಚೆನ್ನಮ್ಮನ ಹೆಸರನ್ನು ಪಾಠದಲ್ಲಿ ಓದಿದ ಮಕ್ಕಳು ಆ ಗೋಡೆಗಳ ನಡುವೆ ಒಮ್ಮೆ ನಡೆದಾಡಬೇಕು. ಪೇಟೆ ತುಂಬಿ ತುಳುಕುವುದನ್ನು ನೋಡುವುದಾದರೆ ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಬನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹುಣ್ಣಿಮೆ ಕಳೆದ ಮೇಲೆ ಬಾದಾಮಿ ಎಂದು ನಿಶ್ಚಯಿಸಿದ್ದೇವೆ. ತಾಯಿಯವರಿಗೆ ಮೊಣಕಾಲು ನೋವಿದೆ. ಅವರು ಎಷ್ಟನ್ನು ನೋಡಬಹುದು?

ಉತ್ತರ 1 (ಬಾಗಲಕೋಟೆಯಿಂದ)

ಉತ್ತರದ ಕೋಟೆಯ ಮೆಟ್ಟಿಲುಗಳು ಕಡಿದಾಗಿವೆ, ಅಲ್ಲಿಗೆ ಅವರನ್ನು ಕರೆದೊಯ್ಯಬೇಡಿ. ಕೆರೆಯ ದಂಡೆಯಲ್ಲಿ ಭೂತನಾಥ ಗುಡಿಯವರೆಗಿನ ದಾರಿ ಹೆಚ್ಚುಕಡಿಮೆ ಸಮತಟ್ಟಾಗಿದೆ, ನಿಧಾನವಾಗಿ ನಡೆದರೆ ತಲುಪಬಹುದು. ನೀವೂ ಮಕ್ಕಳೂ ಬೆಟ್ಟ ಹತ್ತಿ ಇಳಿಯುವವರೆಗೆ ಅವರು ವಸ್ತುಸಂಗ್ರಹಾಲಯವನ್ನು ನೋಡಿಕೊಂಡಿರಲಿ. ಮಂಗಗಳ ಕಾಟ ಬಹಳ, ತಿಂಡಿಯ ಚೀಲ ಕೈಯಲ್ಲಿ ಹಿಡಿಯಬೇಡಿ. ರೈಲಿನಲ್ಲಿ ಬರುವುದಾದರೆ ಹುಬ್ಬಳ್ಳಿಯಲ್ಲಿ ಬದಲಿಸಿ, ಗದಗ ಮಾರ್ಗದ ಗಾಡಿ ಹಿಡಿಯಿರಿ. ನಿಲ್ದಾಣ ಊರಿನಿಂದ ಸ್ವಲ್ಪ ದೂರವಿದೆ, ಆಟೋ ಸಿಗುತ್ತದೆ.